ನಾಣ್ಯದ ಕಾಲವೂ ವ್ಯಾಪಾರದ ಕಾಲವೂ: ಸೆವೆಲ್ಲರ ವಾದದ ವಿಮರ್ಶೆ

ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳನ್ನು ಕುರಿತು ಬರೆಯುವವರೆಲ್ಲರೂ ರಾಬರ್ಟ್ ಸೆವೆಲ್ಲರಿಗೆ ಋಣಿಗಳು. ವಿಜಯನಗರದ ಇತಿಹಾಸಕಾರರೆಂದು ಕನ್ನಡಿಗರಿಗೆ ಪರಿಚಿತರಾದ ಈ ವಿದ್ವಾಂಸರು 1904ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವು, ಅಲ್ಲಲ್ಲಿ ಚದುರಿದ್ದ ನಿಕ್ಷೇಪಗಳ ವರದಿಗಳನ್ನು ಒಂದೆಡೆ ಕ್ರೋಡೀಕರಿಸಿತು. ಆದರೆ ಆ ಪಟ್ಟಿಯ ಮೇಲೆ ಅವರು ಕಟ್ಟಿದ ವಾದವು ಪಟ್ಟಿಯಷ್ಟು ದೃಢವಾದುದಲ್ಲ. ಪಾಠದ ಟಿಪ್ಪಣಿಗಳಲ್ಲಿ ಅದು ಸಿದ್ಧಾಂತವೆಂಬಂತೆ ಕಾಣಿಸಿಕೊಳ್ಳುವುದುಂಟಾದ್ದರಿಂದ ಅದನ್ನು ಪರೀಕ್ಷಿಸುವುದು ಅವಶ್ಯ.

ಅಗಸ್ಟಸನಿಂದ ಕ್ರಿ. ಶ. 68ರಲ್ಲಿ ಮಡಿದ ನೀರೋವಿನವರೆಗೆ ವ್ಯಾಪಾರವು ಉಚ್ಛ್ರಾಯದಲ್ಲಿತ್ತು. ಅಲ್ಲಿಂದ ಕ್ಯಾರಕಲ್ಲನವರೆಗೆ ಇಳಿಮುಖವಾಯಿತು. ಅನಂತರ ನಿಂತೇಹೋದಂತಾಗಿ, ಪೂರ್ವ ಸಾಮ್ರಾಜ್ಯದ ಚಕ್ರವರ್ತಿಗಳ ಕಾಲದಲ್ಲಿ ಅಲ್ಪಸ್ವಲ್ಪ ಚೇತರಿಸಿತು. ಇದು ಸೆವೆಲ್ಲರ ನಿರ್ಣಯ. ನಾಣ್ಯದ ಮೇಲೆ ಯಾವ ಚಕ್ರವರ್ತಿಯ ಮುಖವಿದೆಯೋ ಆತನ ಆಳ್ವಿಕೆಯಲ್ಲಿಯೇ ಅದು ಇಲ್ಲಿಗೆ ಬಂದಿತೆಂಬ ಊಹೆಯೇ ಇದರ ತಳಹದಿ.

ಈ ಊಹೆ ನಿಲ್ಲಲಾರದು. ಟೈಬೀರಿಯಸನ ಬೆಳ್ಳಿಯ ದಿನಾರಿಯಸ್ ಅವನ ಮರಣಾನಂತರವೂ ಬಹುಕಾಲ ಚಲಾವಣೆಯಲ್ಲಿತ್ತು. ಕ್ರಿ. ಶ. 64ರಲ್ಲಿ ನೀರೋ ಒಂದು ಪೌಂಡಿಗೆ 84 ನಾಣ್ಯಗಳಿದ್ದುದನ್ನು 96ಕ್ಕೆ ಏರಿಸಿ, ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದನು. ಬೆಳ್ಳಿಯನ್ನು ತೂಗಿ ಕೊಳ್ಳುವ ವರ್ತಕನು ಹಳೆಯ ನಾಣ್ಯವನ್ನೇ ಆರಿಸಿಕೊಂಡಿದ್ದರೆ ಆಶ್ಚರ್ಯವೇನು? ಹೀಗಾಗಿ ಟೈಬೀರಿಯಸನ ನಾಣ್ಯಗಳೇ ತುಂಬಿರುವ ನಿಕ್ಷೇಪವು ನೀರೋವಿನ ನಂತರ ಬಂದುದಾಗಿರಲು ಯಾವ ಅಡ್ಡಿಯೂ ಇಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಆತನ ದಿನಾರಿಯಸ್ ಕೂಡ, ಅದು ಬಿದ್ದಿದ್ದ ಪದರವು ನಾಣ್ಯಕ್ಕಿಂತ ಹಿಂದಿನದಲ್ಲವೆಂದಷ್ಟೇ ಹೇಳಬಲ್ಲದು. ಎಷ್ಟು ಈಚಿನದೆಂದು ಹೇಳಲಾರದು.

1985ರಲ್ಲಿ ಪ್ರಕಟವಾದ, ವಿಯೆನ್ನಾದಲ್ಲಿರುವ ಮುಜಿರಿಸ್ ಪಪೈರಸ್ ಈ ಸಂದೇಹವನ್ನು ಬಲಪಡಿಸುತ್ತದೆ. ಎರಡನೆಯ ಶತಮಾನದ ಮಧ್ಯಭಾಗಕ್ಕೆ ಸೇರಿದ ಈ ಪತ್ರದಲ್ಲಿ ಹೆರ್ಮಪೊಲ್ಲೋನ್ ಎಂಬ ಒಂದೇ ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಷಿಯಸ್‌ಗಳಷ್ಟಿದೆ. ವ್ಯಾಪಾರವು ಕುಗ್ಗಿತ್ತೆಂದು ಸೆವೆಲ್ಲರು ಹೇಳುವ ಕಾಲವೇ ಇದು. ಈ ಪತ್ರ ಅವರಿಗೆ ಲಭ್ಯವಿರಲಿಲ್ಲ. ಆದರೆ ಇಂದು ಓದುವವರಿಗೆ ಲಭ್ಯವಿದೆ.

ಕಿರಿಯ ತಾಮ್ರನಾಣ್ಯಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಮಧುರೆಯಲ್ಲಿ ದೊರೆತ ಇಂಥ ನಾಣ್ಯಗಳಿಂದ ಸೆವೆಲ್ಲರು ಅಲ್ಲಿ ರೋಮನರ ವಸತಿಯಿತ್ತೆಂದು ತರ್ಕಿಸಿದರು. ಆದರೆ ತಮಿಳುನಾಡಿನಲ್ಲಿಯೂ ಸಿಂಹಳದಲ್ಲಿಯೂ ಇವುಗಳ ಸ್ಥಳೀಯ ಅನುಕರಣಗಳು ದೊರೆತಿವೆ. ಊರಿನ ಜನರೇ ಚಿಲ್ಲರೆಯಾಗಿ ಬಳಸುತ್ತಿದ್ದ ನಾಣ್ಯಕ್ಕೆ ಪರದೇಶಿಗಳ ಕೇರಿಯನ್ನು ಕಲ್ಪಿಸಬೇಕಾಗಿಲ್ಲ. ಮೊದಲು ಆಗಬೇಕಾದುದು ನಾಣ್ಯದ ಗುರುತು. ಕಾನ್‌ಸ್ಟಂಟೈನ್ ವಂಶದ ಸೈನಿಕ ಮಾದರಿಯನ್ನೇ ನೋಡೋಣ. ಹೆಸರು ಸವೆದುಹೋಗಿದ್ದರೂ, ಇಬ್ಬರು ಯೋಧರ ನಡುವೆ ಎರಡು ಧ್ವಜಗಳಿದ್ದರೆ ಅದು ಸುಮಾರು ಕ್ರಿ. ಶ. 330-335ರ ಮುದ್ರಣ, ಒಂದೇ ಧ್ವಜವಿದ್ದರೆ 335 ಅಥವಾ ಅದರ ನಂತರದ್ದು. ಕೆಳಗೆರೆಯ ಅಡಿಯಲ್ಲಿ ಎಸ್, ಎಂ, ಎ, ಎನ್ ಎಂಬ ಅಕ್ಷರಗಳು ಕಂಡರೆ ಆಂಟಿಯೋಕಿನ ಟಂಕಸಾಲೆ. ಕೊನೆಯದು ಎಲ್ ಆಗಿದ್ದರೆ ಅಲೆಕ್ಸಾಂಡ್ರಿಯ. ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿದ್ದರೆ ಅನುಕರಣವೆಂದು ಶಂಕಿಸಬೇಕು. ಇದಾದ ಮೇಲೂ ಕರೂರಿನ ಅಮರಾವತಿಯಂಥ ನದೀಪಾತ್ರದಲ್ಲಿ ಸಿಕ್ಕಿದ ನಾಣ್ಯಕ್ಕೆ ಪದರದ ಸಾಕ್ಷ್ಯವಿರುವುದಿಲ್ಲವೆಂಬುದನ್ನು ಮರೆಯಬಾರದು.

ಚಿನ್ನದ ಕಥೆ ಬೇರೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಕ್ಷೇಪವು ನಮ್ಮ ನಾಡಿಗೂ ಬೈಜಾಂಟಿಯಮಿನ ಚಿನ್ನ ಬಂದುದಕ್ಕೆ ಸಾಕ್ಷಿ. ದಕ್ಷಿಣದಲ್ಲಿ ದೊರೆತ ಇಂಥ ಅನೇಕ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಎರಡು ರಂಧ್ರಗಳಿವೆ. ಹಣವಾಗಿ ಬಂದುದು ಆಭರಣವಾಯಿತು; ಆಭರಣವು ತಲೆಮಾರುಗಳವರೆಗೆ ಮನೆಯಲ್ಲಿ ಉಳಿಯಬಲ್ಲದು.

ಆದುದರಿಂದ ಟಂಕಿಸಿದ ಕಾಲ, ತಂದ ಕಾಲ, ಹೂಳಿದ ಕಾಲ ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಳ್ಳುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು. ಮೊದಲನೆಯದನ್ನು ನಾಣ್ಯವೇ ಹೇಳುತ್ತದೆ. ಉಳಿದೆರಡಕ್ಕೆ ತೂಕ, ಸವೆತ, ರಂಧ್ರ, ಜೊತೆಯ ನಾಣ್ಯಗಳು, ಮಣ್ಣಿನ ಪದರ ಇವುಗಳ ಸಾಕ್ಷ್ಯ ಬೇಕು. ಸೆವೆಲ್ಲರ ಪಟ್ಟಿಯನ್ನು ಕೃತಜ್ಞತೆಯಿಂದ ಬಳಸೋಣ. ಅವರ ಕಾಲನಿರ್ಣಯವನ್ನು ಮಾತ್ರ ಪಾಠದ ಟಿಪ್ಪಣಿಗಳಿಂದ ತೆಗೆದುಹಾಕುವುದು ಯುಕ್ತ.