ಬಿಸಿಲುಮಳೆಯ ನಕ್ಷೆ: ಇಂಗ್ಲಿಷ್ ನುಡಿಗಟ್ಟುಗಳ ಪ್ರಾದೇಶಿಕತೆಯನ್ನು ಕುರಿತು ಕೆಲವು ಆಕ್ಷೇಪಗಳು

ಬಿಸಿಲಿರುವಾಗಲೇ ಮಳೆ ಹನಿಯುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಹೆಸರಿಲ್ಲ. ಅಮೆರಿಕದ ಈಶಾನ್ಯದಲ್ಲಿ ಅದು 'ಸನ್‌ಶವರ್'. ಅಲಬಾಮಾ, ಮಿಸಿಸಿಪಿಗಳಂತಹ ದಕ್ಷಿಣದ ರಾಜ್ಯಗಳಲ್ಲಿ 'ದ ಡೆವಿಲ್ ಈಸ್ ಬೀಟಿಂಗ್ ಹಿಸ್ ವೈಫ್', ಅಂದರೆ ಸೈತಾನನು ಹೆಂಡತಿಯನ್ನು ಹೊಡೆಯುತ್ತಿದ್ದಾನೆ. ದಕ್ಷಿಣ ಆಫ್ರಿಕದಲ್ಲಿ 'ಮಂಕೀಸ್ ವೆಡ್ಡಿಂಗ್'. ಬರ್ಟ್ ವೋ ಮತ್ತು ಸ್ಕಾಟ್ ಗೋಲ್ಡರ್ ನಡೆಸಿದ ಹಾರ್ವರ್ಡ್ ಉಪಭಾಷಾ ಸಮೀಕ್ಷೆ (2003) ಈ ಪ್ರಶ್ನೆಯನ್ನು ಕೇಳಿತ್ತು. ಅದರ ದತ್ತಾಂಶವನ್ನು ಆಧರಿಸಿ ಜೋಶುವಾ ಕಾಟ್ಜ್ 2013ರಲ್ಲಿ ರಚಿಸಿದ ವರ್ಣನಕ್ಷೆಗಳು ಭಾಷಾಶಾಸ್ತ್ರದ ಹೊರಗೂ ಜನಪ್ರಿಯವಾದವು. ಆ ನಕ್ಷೆಗಳು ಏನನ್ನು ತೋರಿಸುತ್ತವೆ ಎಂಬುದಕ್ಕಿಂತ ಏನನ್ನು ಮರೆಮಾಡುತ್ತವೆ ಎಂಬುದು ಈ ಬರೆಹದ ಕಾಳಜಿ.

ಮೊದಲನೆಯದು ಪ್ರಶ್ನೆಯ ಸ್ವರೂಪ. ಸಮೀಕ್ಷೆ ಉತ್ತರಗಳ ಪಟ್ಟಿಯನ್ನು ಮುಂದಿಟ್ಟು ಆಯ್ದುಕೊಳ್ಳಲು ಹೇಳಿತು. ಪದವೊಂದರ ಉಚ್ಚಾರಣೆಯ ವಿಷಯದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ನುಡಿಗಟ್ಟಿನ ಮಾತು ಬೇರೆ. ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ಗುರುತಿಸುವುದೂ ತಾನೇ ಆಡುವುದೂ ಒಂದಲ್ಲ. ಪಟ್ಟಿ ಈ ಎರಡನ್ನೂ ಒಂದೇ ಗುರುತಿನಲ್ಲಿ ದಾಖಲಿಸುತ್ತದೆ. ಫ್ರೆಡರಿಕ್ ಕ್ಯಾಸಿಡಿಯವರ ನೇತೃತ್ವದ ಅಮೆರಿಕದ ಪ್ರಾದೇಶಿಕ ಇಂಗ್ಲಿಷ್ ನಿಘಂಟಿನ ಕ್ಷೇತ್ರಕಾರ್ಯಕರ್ತರು 1965ರಿಂದ 1970ರವರೆಗೆ 1,002 ಊರುಗಳಲ್ಲಿ ಮಾಹಿತಿದಾರರ ಎದುರು ಕುಳಿತು ಕೇಳಿದರು. ಆ ವಿಧಾನ ನಿಧಾನದ್ದು, ವೃದ್ಧರ ನುಡಿಗೆ ವಾಲಿದ್ದು ಎಂಬ ಟೀಕೆ ಸರಿಯೇ. ಆದರೂ ಅದರ ನಕ್ಷೆಯಲ್ಲಿ ಒಂದೊಂದು ಚುಕ್ಕೆಯ ಹಿಂದೆಯೂ ಒಂದು ಊರಿದೆ. ಕಾಟ್ಜರ ನಕ್ಷೆಯಾದರೋ ನೆರೆಯ ಉತ್ತರಗಳ ಸರಾಸರಿಯಿಂದ ಬಣ್ಣವನ್ನು ಹಬ್ಬಿಸುತ್ತದೆ. ಯಾರೂ ಉತ್ತರಿಸದ ನೆಲಕ್ಕೂ ಬಣ್ಣ ಸಿಗುತ್ತದೆ. ಇದಕ್ಕೆ ಹೆಸರೇ ಗೊತ್ತಿಲ್ಲ ಎಂದವರ ಪಾಲು ದೊಡ್ಡದು. ಕಣ್ಣು ಮಾತ್ರ ಹೆಸರಿದ್ದ ಕಡೆಗೇ ಹೋಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕಾಲದ ಪ್ರಶ್ನೆ. ಸೈತಾನನ ಮಾತು ದಕ್ಷಿಣದಲ್ಲಿ ಮಾತ್ರ ಗಾಢವಾಗಿ ಕಂಡಾಗ ಅದನ್ನು ಆ ಪ್ರದೇಶದ ಧಾರ್ಮಿಕತೆಗೋ ಹಿಂಸೆಗೋ ತಳಕು ಹಾಕುವ ಆಸೆ ಹುಟ್ಟುತ್ತದೆ. ಆದರೆ ಜೊನಾಥನ್ ಸ್ವಿಫ್ಟನು 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳಲ್ಲಿ ಈ ನುಡಿ ಲಂಡನ್ನಿನ ಸಭ್ಯರ ಸವಕಲು ಮಾತಾಗಿ ಬರುತ್ತದೆ. ಫ್ರೆಂಚಿನಲ್ಲಿಯೂ ಇದರ ಜೋಡಿಯಿದೆ. ಹೀಗಿರುವಾಗ ದಕ್ಷಿಣವು ಇದನ್ನು ಸೃಷ್ಟಿಸಿತು ಎನ್ನಲಾಗದು. ಇತರರು ಬಿಟ್ಟದ್ದನ್ನು ಉಳಿಸಿಕೊಂಡಿತು ಎನ್ನಬಹುದು. 'ಮಂಕೀಸ್ ವೆಡ್ಡಿಂಗ್' ಇದಕ್ಕೆ ವಿರುದ್ಧವಾದ ಕಥೆ. ಅದು ಜುಲು ಭಾಷೆಯ ಮಾತಿನ ಪಡಿಯಚ್ಚು, ನೆರೆಹೊರೆಯಿಂದ ಬಂದದ್ದು. ಒಂದು ಉಳಿಕೆ, ಇನ್ನೊಂದು ಎರವಲು. ಇವೆರಡೂ 'ಪ್ರಾದೇಶಿಕ' ಎಂಬ ಒಂದೇ ಹಣೆಪಟ್ಟಿ ಹೊತ್ತರೆ ಆ ಪದಕ್ಕೆ ವಿವರಣೆಯ ಶಕ್ತಿ ಉಳಿಯುವುದಿಲ್ಲ.

ಫಿನ್ಲೆಂಡಿನ ಜಾನಪದ ವಿದ್ವಾಂಸ ಮಟ್ಟಿ ಕೂಸಿ 1957ರಲ್ಲಿಯೇ ಈ ನುಡಿಗಳನ್ನು ಹಲವು ಭಾಷೆಗಳಲ್ಲಿ ಹುಡುಕಿ ಒಂದು ಗ್ರಂಥವನ್ನೇ ಬರೆದಿದ್ದರು. ನಮ್ಮ 'ನರಿಯ ಮದುವೆ'ಯೂ ಆ ಬಳಗದ್ದೇ. ಹಾರ್ವರ್ಡ್ ಪಟ್ಟಿಯಲ್ಲಿ 'ಫಾಕ್ಸಸ್ ವೆಡ್ಡಿಂಗ್' ಎಂಬ ಆಯ್ಕೆಯೂ ಇತ್ತು. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಅದಕ್ಕೆ ಗುರುತು ಹಾಕಿದ್ದರೆ, ನಕ್ಷೆ ಅವರನ್ನು ನ್ಯೂಜೆರ್ಸಿಯ ಲೆಕ್ಕಕ್ಕೇ ಸೇರಿಸುತ್ತಿತ್ತು.