ಊರಿನ ಡೈರಿ, ಯಾರ ಡೈರಿ?

ಊರವರೇ ಒಡೆಯರಾದ ಉದ್ಯಮ ಬಡತನ ತಗ್ಗಿಸಬಲ್ಲುದೇ ಎಂದು ಕೇಳುವವರು ಕರ್ನಾಟಕದಲ್ಲಿ ಮೊದಲು ನೋಡಬೇಕಾದದ್ದು ಹಾಲು ಉತ್ಪಾದಕರ ಸಹಕಾರ ಸಂಘವನ್ನು. ಖಾಸಗಿ ಡೈರಿಯ ಹಿಡಿತದಿಂದ ಬಿಡಿಸಿಕೊಳ್ಳಲು 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಕಟ್ಟಿದ ಮಾದರಿ 1974ರಲ್ಲಿ ಇಲ್ಲಿಗೆ ಬಂತು. ಊರಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ಮೇಲೆ ರಾಜ್ಯಮಟ್ಟದ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್): ಈ ಕಟ್ಟು ಇಂದಿಗೂ ಗಟ್ಟಿಯಾಗಿದೆ.

ಅದರ ಹೆಚ್ಚುಗಾರಿಕೆ ಬೆಳಗಿನ ಹೊತ್ತು ಡೈರಿ ಮುಂದೆ ಕಾಣುತ್ತದೆ. ಎರಡು ಲೀಟರ್ ಹಾಕುವವರೂ ಇಪ್ಪತ್ತು ಲೀಟರ್ ಹಾಕುವವರೂ ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿರುತ್ತಾರೆ. ಯಂತ್ರ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ತೋರಿಸುತ್ತದೆ, ಅದರಂತೆ ದರ. ಜಾತಿ, ಜಮೀನು ಅಲ್ಲಿ ಲೆಕ್ಕಕ್ಕಿಲ್ಲ. ರಾಗಿಯ ದುಡ್ಡು ಸುಗ್ಗಿಗೊಮ್ಮೆ. ಹಾಲಿನ ಬಟವಾಡೆ ವರ್ಷವಿಡೀ. ಬಡ್ಡಿ ಸಾಲಕ್ಕೆ ಕೈಚಾಚದೆ ಸಂಸಾರ ತೂಗಿಸಲು ಎಷ್ಟೋ ಮನೆಗಳಿಗೆ ಇದೇ ಆಧಾರ. ಇಷ್ಟು ನೇರವಾಗಿ ಹಳ್ಳಿಯ ಕೈಗೆ ಕಾಸು ತಲುಪಿಸುವ ಸಂಸ್ಥೆ ನಮ್ಮಲ್ಲಿ ಮತ್ತೊಂದಿಲ್ಲವೆಂದೇ ನಾನು ನಂಬಿದ್ದೇನೆ.

ಆದರೆ ಆ ಸಾಲಿಗೆ ಬರಲು ಮನೆಯಲ್ಲಿ ಕರೆಯುವ ಹಸು ಇರಬೇಕು. ಸೀಮೆಹಸು ಕೊಳ್ಳಲು ದುಡ್ಡು, ಮೇವು ಬೆಳೆಯಲು ನೀರಾವರಿ ತುಂಡು, ಬೂಸಾ ಹಿಂಡಿಗೆ ಕೈಗಾಸು ಬೇಕು. ಜಮೀನಿಲ್ಲದ ಹೆಂಗಸು ಬದುವಿನ ಹುಲ್ಲು ಕೊಯ್ದು ಹಸು ಸಾಕುತ್ತಾಳೆ. ಜಮೀನಿನವರು ಬದುವಿಗೆ ಕಳೆನಾಶಕ ಹೊಡೆದರೆ ಅವಳ ಮೇವು ಅಲ್ಲಿಗೆ ಮುಗಿಯಿತು. ಒಂದೇ ಹಸುವಿನ ಮನೆಯಲ್ಲಿ ಅದು ಹೊತ್ತಿಗೆ ಗಬ್ಬ ನಿಲ್ಲದಿದ್ದರೆ ವರಮಾನವೂ ನಿಲ್ಲುತ್ತದೆ. ಇಷ್ಟು ದಿನ, ಇಷ್ಟು ಹಾಲು ಹಾಕಿರಬೇಕೆಂಬ ನಿಯಮದಿಂದಾಗಿ ಸಂಘದ ಚುನಾವಣೆಯಲ್ಲಿ ಆ ಮನೆಯವರ ಮತಕ್ಕೂ ಕುತ್ತು. ನೆರವು ತುರ್ತಾಗಿ ಬೇಕಾದಾಗಲೇ ಒಡೆತನ ಕೈಜಾರುತ್ತದೆ.

ಕೊಟ್ಟಿಗೆ ಬಾಚುವುದು, ಹಾಲು ಕರೆಯುವುದು ಬಹುಪಾಲು ಹೆಂಗಸರು. ಷೇರು ಮಾತ್ರ ಎಷ್ಟೋ ಮನೆಗಳಲ್ಲಿ ಗಂಡಸಿನ ಹೆಸರಿಗೆ. ಮಹಿಳೆಯರದೇ ಸಂಘಗಳು ಈ ಕೊರತೆಗೆ ಒಳ್ಳೆಯ ಉತ್ತರ. ಇನ್ನು ಹಾಲಿನ ಮಾರಾಟದ ದರ ಏರಬೇಕಾದರೆ ಸರ್ಕಾರದ ಒಪ್ಪಿಗೆಗೆ ಕಾಯಬೇಕು. ಒಡೆಯನಿಗೆ ತನ್ನ ಸರಕಿನ ಬೆಲೆಯ ಮೇಲೆ ಹಿಡಿತವಿಲ್ಲ.

ಹಾಗೆಂದು ಡೈರಿಯನ್ನು ತಳ್ಳಿಹಾಕಲಾಗದು, ಅದನ್ನು ಕಡುಬಡವರವರೆಗೂ ತಲುಪಿಸಬೇಕು. ಸಂಘದ ಲಾಭದಲ್ಲಿ ಒಂದು ಪಾಲು ಬತ್ತಿದ ಹಸುವಿನ ಮೇವಿಗೆ ಸಾಲವಾಗಿ ಸಿಗಲಿ, ಪಂಚಾಯಿತಿ ಗೋಮಾಳ ಉಳಿಸಿ ಜಮೀನಿಲ್ಲದವರ ಮೇವಿಗೆ ಬಿಡಲಿ, ಹಾಲು ನಿಂತ ಮನೆಗೂ ಮತ ಇರಲಿ. ಸಂಘದ ಯಶಸ್ಸನ್ನು ದಿನಕ್ಕೆ ಎಷ್ಟು ಲೀಟರ್ ಬಂತೆಂದು ಅಳೆಯುವ ನಾವು, ಊರಿನ ಎಷ್ಟು ಬಡವರು ಅದರ ಸದಸ್ಯರಾಗಿ ಉಳಿದರೆಂದೂ ವಾರ್ಷಿಕ ಮಹಾಸಭೆಯಲ್ಲಿ ಕೇಳಬೇಕು.