ಐವತ್ತೆಂಟು ಸಿಸಿಯ ಕೀರ್ತಿ

ಮಲೆನಾಡಿನ ಯಾವ ಪೇಟೆಯ ಕೃಷಿಯಂತ್ರದ ಅಂಗಡಿಗೆ ಹೋಗಿ ಮನೆಬಳಕೆಗೆ ಚೈನ್‌ಸಾ ಕೇಳಿದರೂ ಸಾಮಾನ್ಯವಾಗಿ ಮೊದಲು ಕೌಂಟರಿನ ಮೇಲೆ ಬರುವುದು 58 ಸಿಸಿ, 22 ಇಂಚು ಬಾರಿನ ಅಗ್ಗದ ಮಷೀನು. ಮೇಲಿನ ಹೆಸರು ಹತ್ತಾರು, ಒಳಗಿನ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಒಮ್ಮೆ ತಗೊಂಡರೆ ಎಲ್ಲದಕ್ಕೂ ಆಯ್ತು ಎಂಬ ಮಾತಿನ ಮೇಲೆ ಅದರ ಕೀರ್ತಿ ನಿಂತಿದೆ. ಮನೆಯ ಮಟ್ಟಿಗೆ ಆ ಕೀರ್ತಿ ಅದಕ್ಕೆ ಸಲ್ಲುವುದಿಲ್ಲ.

ನಾಟಾ ಕೊಯ್ಯುವವರ ಅಗತ್ಯ ಬೇರೆ. ಮನೆಯವರ ಕೆಲಸ ಆಷಾಢದ ಗಾಳಿಗೆ ಬಿದ್ದ ಕೊಂಬೆ, ಬಚ್ಚಲೊಲೆಯ ಸೌದೆ, ಬೇಲಿಯ ಗ್ಲಿರಿಸಿಡಿಯ, ಒಣಗಿದ ಅಡಿಕೆಮರ. ಒಂದಡಿ ದಪ್ಪ ಮೀರುವುದು ಅಪರೂಪ. 14 ಇಂಚಿನ ಬಾರು ಧಾರಾಳವಾಯಿತು.

ಉದ್ದ ಬಾರು ಬರೀ ಅನಗತ್ಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಚೈನು ಬಾರಿನ ಮೇಲಂಚಿನಲ್ಲಿ ಮುಂದಕ್ಕೆ ಓಡಿ, ಮೂತಿಯಲ್ಲಿ ಬಳಸಿ, ಕೆಳಗಿನಿಂದ ಹಿಂದಕ್ಕೆ ಬರುತ್ತದೆ. ಮೂತಿಯ ಮೇಲ್ಭಾಗದಲ್ಲಿ ಕೆಳಗಿಳಿಯುತ್ತಿರುವ ಹಲ್ಲು ಗಟ್ಟಿಮರಕ್ಕೆ ಸಿಕ್ಕಿ ತಡೆದರೆ ಆ ವೇಗವೆಲ್ಲ ಬಾರಿಗೆ ತಿರುಗುತ್ತದೆ. ಬಾರು ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಕೈ ಎಚ್ಚೆತ್ತುಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಹೆಣೆದುಕೊಂಡು ಬಿದ್ದ ಕೊಂಬೆಗಳ ನಡುವೆ, ಕೊಯ್ಯುವ ಕೊಂಬೆಯಿಂದ ಒಂದಡಿ ಆಚೆ ಚಾಚಿದ ಮೂತಿ ಯಾವುದಕ್ಕೆ ತಾಗುತ್ತಿದೆ ಎಂದು ಯಾರು ನೋಡುತ್ತಾರೆ? ಪಳಗಿದ ಕೆಲಸಗಾರ ನೋಡುತ್ತಾನೆ. ವರ್ಷಕ್ಕೆ ನಾಲ್ಕಾರು ಸಲ ಮಷೀನು ಮುಟ್ಟುವವರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಯೂಟ್ಯೂಬಿನ ವಿಮರ್ಶಕರ ಜೊತೆ ನನ್ನ ಜಗಳ ಇರುವುದೂ ಇಲ್ಲಿಯೇ. ಪೆಟ್ಟಿಗೆ ಬಿಚ್ಚಿ, ಹೊಸ ಚೈನನ್ನು ಹಲಸಿನ ದಿಮ್ಮಿಗೆ ಒತ್ತಿ, ಸೆಕೆಂಡು ಎಣಿಸಿ, ಸಿಸಿ ಗೆದ್ದಿತು ಎನ್ನುತ್ತಾರೆ. ಅವರು ಅಳೆದದ್ದರಲ್ಲಿ ದೊಡ್ಡ ಪಾಲು ಕಾರ್ಖಾನೆಯ ಹರಿತ. ಮರ ಕೊಯ್ಯುವುದು ಹಲ್ಲು. ಅಮೆರಿಕದ ಜೋಸೆಫ್ ಕಾಕ್ಸ್ ಮರಕೊರಕ ಹುಳುವಿನ ದವಡೆ ನೋಡಿ ರೂಪಿಸಿ, 1947ರಲ್ಲಿ ಮಾರಾಟಕ್ಕೆ ತಂದ ಚೈನಿನ ತತ್ವವೇ ಇಂದಿಗೂ ನಡೆಯುತ್ತಿದೆ. ತೆಂಗಿನ ಕಾಂಡದ ಸಿಲಿಕಾ ಆ ಹರಿತವನ್ನು ಬೇಗ ತಿನ್ನುತ್ತದೆ. ಆಮೇಲೆ ಉಳಿಯುವುದು ಅರ ಹಿಡಿಯುವ ಕೆಲಸ. 14 ಇಂಚಿನ ಸಣ್ಣ ಚೈನಿನಲ್ಲಿ ಸುಮಾರು 25 ಹಲ್ಲು, 22 ಇಂಚಿನದರಲ್ಲಿ 40ಕ್ಕೂ ಹೆಚ್ಚು. ಇಪ್ಪತ್ತೈದನ್ನು ಒಂದೇ ಕೋನದಲ್ಲಿ ಮಸೆಯುವ ತಾಳ್ಮೆ ಬಹಳ ಜನಕ್ಕೆ ಇದೆ. ನಲವತ್ತಕ್ಕೆ ಹೆಚ್ಚಿನವರು ಅರ್ಧದಲ್ಲೇ ಅರ ಕೆಳಗಿಡುತ್ತಾರೆ. ಮೊಂಡಾದ ಚೈನನ್ನು ಒತ್ತಿ ಒತ್ತಿ ಕೊಯ್ಯುತ್ತಾರೆ, ಕೊಂಬೆ ತುಂಡಾದ ಕ್ಷಣ ಬಾರು ಕಾಲಿನ ಕಡೆ ಇಳಿಯುತ್ತದೆ. ಇನ್ನು ಕೆಲವರು ಹಲ್ಲಿನ ಮುಂದಿರುವ, ಆಳ ನಿಯಂತ್ರಿಸುವ ಗೂಟವನ್ನು ಉಜ್ಜಿಬಿಡುತ್ತಾರೆ. ಸಣ್ಣ ಚೈನಿನಲ್ಲಿ ಅದು ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿದ್ದರೆ ಸಾಕು. ಹೆಚ್ಚು ತಗ್ಗಿಸಿದರೆ ಚಿಮ್ಮುವ ಅಪಾಯ ಏರುತ್ತದೆ. ಇದನ್ನು ಹೇಳುವ ವಿಡಿಯೊ ನನ್ನ ಕಣ್ಣಿಗೆ ಬಿದ್ದಿಲ್ಲ.

58 ಸಿಸಿಯ ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಬಲವೂ ಇದೆ. ಒಪ್ಪಿದೆ.

ಬ್ಯಾಟರಿ ಗರಗಸವನ್ನು ಆಟಿಕೆ ಎನ್ನುವವರ ಮಾತು ಒಪ್ಪಲಾರೆ. ಮನೆಯ ಮಷೀನು ತಿಂಗಳುಗಟ್ಟಲೆ ಅಟ್ಟದಲ್ಲೇ ಇರುತ್ತದೆ. ಎಥೆನಾಲ್ ಬೆರೆತ ಪೆಟ್ರೋಲು ಟ್ಯಾಂಕಿನಲ್ಲಿ ಉಳಿದರೆ ತೇವ ಹೀರಿ ಕಾರ್ಬ್ಯುರೇಟರ್ ಕೆಡಿಸುತ್ತದೆ. ಬೇಕಾದ ದಿನ ಹಗ್ಗ ಎಳೆದು ಭುಜ ಸೋಲುತ್ತದೆ. ಬ್ಯಾಟರಿಗೆ ಆ ಕಾಟವಿಲ್ಲ. ಅಂಗಳದಲ್ಲಿ ಕೆಲಸ ಮುಗಿಯುವವರು 12 ಇಂಚಿನ ಬ್ಯಾಟರಿ ಗರಗಸವನ್ನೇ ಕೊಳ್ಳಲಿ. ತೋಟದ ಕೊನೆಯವರೆಗೆ ಹೋಗಬೇಕಾದವರಿಗೆ 30ರಿಂದ 35 ಸಿಸಿಯ ಪೆಟ್ರೋಲು ಮಷೀನು, ಉದಾಹರಣೆಗೆ ಸ್ಟಿಲ್‌ನ ಎಂಎಸ್ 180, ಸರಿ. ಎರಡರಲ್ಲೂ ಚಿಮ್ಮು ತಗ್ಗಿಸುವ ಚೈನು ಇರಲಿ. ಬೆಲೆ ಹೆಚ್ಚಾಯಿತೆಂದು ಕಾಲಿನ ರಕ್ಷಾಕವಚ, ಮುಖಪರದೆಯ ಹೆಲ್ಮೆಟ್ ಬಿಟ್ಟು ಬರಬೇಡಿ. ಹಣ ಕೊಡುವ ಮೊದಲು ಅಂಗಡಿಯವರಿಂದಲೇ ಮಷೀನು ಚಾಲೂ ಮಾಡಿಸಿ, ಮುಂಗೈ ಗಾರ್ಡನ್ನು ಮುಂದಕ್ಕೆ ತಳ್ಳಿಸಿ ನೋಡಿ. ಚೈನು ತಕ್ಷಣ ನಿಲ್ಲದಿದ್ದರೆ ಆ ಮಷೀನು ಬೇಡ.